ನಮ್ಮೂರಿನ ಅಂಗನವಾಡಿ: ನಡೆಸುವವರು ಯಾರು, ಹಣ ಎಲ್ಲಿಂದ?

ಪ್ರಶ್ನೆ (ಶಹಾಪುರ ತಾಲ್ಲೂಕಿನ ತಾಯಿಯೊಬ್ಬರು): ನನ್ನ ಮಗಳಿಗೆ ಮೂರೂವರೆ ವರ್ಷ. ಊರಿನ ಅಂಗನವಾಡಿಗೆ ಹೋಗುತ್ತಾಳೆ. ಕೆಲವು ದಿನ ಹಾಡು, ಕಥೆ ಕಲಿತು ಬರುತ್ತಾಳೆ. ಇನ್ನು ಕೆಲವು ದಿನ “ಟೀಚರ್ ಮೊಬೈಲಿನಲ್ಲಿ ಬರೆಯುತ್ತಿದ್ದರು, ನಾವು ಸುಮ್ಮನೆ ಕುಳಿತಿದ್ದೆವು” ಎನ್ನುತ್ತಾಳೆ. ಟೀಚರ್ ಸರ್ಕಾರಿ ನೌಕರರೇ? ಇದನ್ನು ಯಾರ ಬಳಿ ಕೇಳಬೇಕು?

ಉತ್ತರ: ನಾನು ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಇಪ್ಪತ್ತನಾಲ್ಕು ವರ್ಷ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ನಿಮ್ಮ ಮಗಳು ಹೇಳಿದ್ದು ಸುಳ್ಳಲ್ಲ. ಆದರೆ ಅದಕ್ಕೆ ಟೀಚರನ್ನು ದೂರುವ ಮೊದಲು ಅವರ ಹೆಗಲ ಮೇಲೆ ಏನೇನಿದೆ ಎಂಬುದನ್ನು ತಿಳಿಯಬೇಕು.

ಅಂಗನವಾಡಿ ಶಿಕ್ಷಣ ಇಲಾಖೆಯ ಶಾಲೆಯಲ್ಲ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೇಂದ್ರ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಶಾಲಾಪೂರ್ವ ಶಿಕ್ಷಣವು ಆರು ಸೇವೆಗಳಲ್ಲಿ ಒಂದು ಮಾತ್ರ. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಸೊರಗಿದ ಮಗುವನ್ನು ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ತಿಳಿವಳಿಕೆ ನೀಡುವುದು ಉಳಿದ ಐದು. ನಮ್ಮ ರಾಜ್ಯದಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯ ಮೂಲಕ ಗರ್ಭಿಣಿ, ಬಾಣಂತಿಯರ ಬಿಸಿಯೂಟವೂ ಸೇರಿತು. ಇಷ್ಟಕ್ಕೂ ಇರುವವರು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ.

ಒಂದು ಹಳ್ಳಿಯಲ್ಲಿ ನಾನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಮೂಲೆಯಲ್ಲಿ ಕುಳಿತು ನೋಡಿದ್ದೆ. ಕಾರ್ಯಕರ್ತೆ ಮಕ್ಕಳನ್ನು ದುಂಡಗೆ ಕೂರಿಸಿ, ಗೋಣಿಚೀಲದಿಂದ ಜೋಳದ ದಂಟು, ತೊಗರಿ ಕಾಳು, ಹುಣಸೆ ಬೀಜ ತೆಗೆದು, ಒಂದೊಂದನ್ನೂ ಮಕ್ಕಳ ಕೈಗಿಟ್ಟು ಹೆಸರು ಹೇಳಿಸುತ್ತಿದ್ದರು. ಅಷ್ಟರಲ್ಲಿ ಕೂಸನ್ನು ಎತ್ತಿಕೊಂಡು ಒಬ್ಬ ತಾಯಿ ತೂಕ ಮಾಡಿಸಲು ಬಂದಳು. ಅವಳ ಹಿಂದೆಯೇ ಊಟಕ್ಕೆಂದು ಇಬ್ಬರು ಗರ್ಭಿಣಿಯರು ಬಂದರು. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹಾಜರಿ ಹಾಕಲು ನೆಟ್‌ವರ್ಕ್ ಸಿಗದೆ ಕಾರ್ಯಕರ್ತೆ ಬಾಗಿಲಾಚೆಯ ಬೇವಿನ ಮರದ ಬುಡಕ್ಕೆ ಹೋಗಿ ನಿಂತರು. ಅವರು ಮರಳುವ ಹೊತ್ತಿಗೆ ತೊಗರಿ ಕಾಳು ನೆಲದ ತುಂಬ ಚೆಲ್ಲಿತ್ತು, ಮೊಟ್ಟೆ ಸುಲಿಯುವ ವೇಳೆಯೂ ಆಗಿತ್ತು. ಆ ದಿನದ ಪಾಠ ಅಲ್ಲಿಗೇ ನಿಂತಿತು.

ಅವರು ಸರ್ಕಾರಿ ನೌಕರರೇ ಎಂದು ಕೇಳಿದ್ದೀರಿ. ಕಾನೂನಿನ ಪ್ರಕಾರ ಅಲ್ಲ. ಅವರದು ನಾಗರಿಕ ಹುದ್ದೆಯಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಪಿತ್ತದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. ಆದ್ದರಿಂದ ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದೇ ನ್ಯಾಯಾಲಯವು 2022ರ ಏಪ್ರಿಲ್‌ನಲ್ಲಿ ಅವರಿಗೂ ಗ್ರ್ಯಾಚುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಕಾಯ್ದೆ ಅನ್ವಯಿಸುತ್ತದೆ ಎಂದು ಹೇಳಿದಾಗ ನಮ್ಮಲ್ಲಿ ಅನೇಕರ ಕಣ್ಣು ತುಂಬಿ ಬಂದಿತ್ತು.

ಕೇಳಬೇಕಾದ ದಾರಿ ಹೀಗಿದೆ. ಮೊದಲು ಅಂಗನವಾಡಿಯ ಮೇಲೆ ಕಣ್ಣಿಡುವ ಊರಿನ ಬಾಲವಿಕಾಸ ಸಮಿತಿ. ಅದರಲ್ಲಿ ಮಕ್ಕಳ ತಾಯಂದಿರೂ ಸದಸ್ಯರಾಗಿರುವುದರಿಂದ ನೀವೂ ಸೇರಬಹುದು. ನಂತರ ಸುಮಾರು 25 ಕೇಂದ್ರಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕಿ, ಅವರ ಮೇಲೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ), ಜಿಲ್ಲೆಗೆ ಉಪನಿರ್ದೇಶಕರು. ಸಮಿತಿಯ ಸಭೆಯಲ್ಲಿ ಒಂದೇ ಒಂದು ಬೇಡಿಕೆ ಇಡಿ: ಬೆಳಗಿನ ಎರಡು ತಾಸು ಮಕ್ಕಳ ಆಟ-ಪಾಠಕ್ಕೇ ಮೀಸಲಿರಲಿ, ತೂಕ ಮತ್ತು ದಾಖಲೆಯ ಕೆಲಸ ಊಟದ ನಂತರ ನಡೆಯಲಿ. ಹಾಗೆ ಹೊಂದಿಸಿಕೊಂಡ ಕೇಂದ್ರಗಳಲ್ಲಿ ಮಕ್ಕಳ ಮಾತು, ಧೈರ್ಯ ಎರಡೂ ಬೆಳೆದದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ (ಬಸವಕಲ್ಯಾಣದಿಂದ): ಹಾಗಾದರೆ ಹಣ ಕೊಡುವವರು ಯಾರು? ಕೇಳಿದರೆ ಕೇಂದ್ರದವರು ರಾಜ್ಯದತ್ತ, ರಾಜ್ಯದವರು ಕೇಂದ್ರದತ್ತ ಕೈ ತೋರಿಸುತ್ತಾರೆ.

ಉತ್ತರ: ಇಬ್ಬರೂ ಕೊಡುತ್ತಾರೆ. ನಮ್ಮ ರಾಜ್ಯದ ಮಟ್ಟಿಗೆ ಪೂರಕ ಆಹಾರದ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಅರ್ಧರ್ಧ ಭರಿಸುತ್ತವೆ. ಉಳಿದ ವೆಚ್ಚದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಗೌರವಧನದಲ್ಲಿ ಕೇಂದ್ರವು 2018ರ ಅಕ್ಟೋಬರ್‌ನಲ್ಲಿ ತಿಂಗಳಿಗೆ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ರೂಪಾಯಿ ನಿಗದಿ ಮಾಡಿತು. ಅದರ ಮೇಲೆ ರಾಜ್ಯವು ತನ್ನ ಖಜಾನೆಯಿಂದ ಸೇರಿಸುತ್ತದೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಕಾರ್ಯಕರ್ತೆಗೆ 1,000, ಸಹಾಯಕಿಗೆ 750 ರೂಪಾಯಿ ಹೆಚ್ಚಳ ಘೋಷಣೆಯಾಯಿತು.

ಆಹಾರದ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಿ. 2017ರಲ್ಲಿ ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕತೆಯ ಮಗುವಿಗೆ 12 ರೂಪಾಯಿ ಎಂದು ದರ ಗೊತ್ತುಪಡಿಸಲಾಯಿತು. ಆ ಎಂಟು ರೂಪಾಯಿಯಲ್ಲಿ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕೆಂಬುದು ಆಗಿನ ಮಾನದಂಡವಾಗಿತ್ತು. ನಮ್ಮದು ತೊಗರಿಯ ನಾಡು, ಆದರೆ ತೊಗರಿ ಬೇಳೆಯ ಬೆಲೆ ಏರಿದಾಗ ಅದು ಮೊದಲು ಕಾಣಿಸುವುದು ಅಂಗನವಾಡಿಯ ಸಾರಿನಲ್ಲಿ. ನಮ್ಮ ಭಾಗದ ಮಕ್ಕಳಲ್ಲಿ, ಅದರಲ್ಲೂ ಯಾದಗಿರಿಯಲ್ಲಿ, ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ರಾಜ್ಯದ ಸರಾಸರಿಗಿಂತ ಹೆಚ್ಚಿರುವಾಗ ಆ ದರವನ್ನು ವರ್ಷ ವರ್ಷವೂ ಬೆಲೆಗೆ ತಕ್ಕಂತೆ ಪರಿಷ್ಕರಿಸದೆ ಬಿಡುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು.

ಹಣ ಮಂಜೂರಾಗುವುದು ಬೇರೆ, ಕೈಗೆ ಬರುವುದು ಬೇರೆ. ನನ್ನ ವಲಯದ ಒಂದು ಕೇಂದ್ರಕ್ಕೆ ಹಲವು ತಿಂಗಳು ಬಾಡಿಗೆ ಬಾರದೆ ಮನೆಯ ಮಾಲೀಕರು ಬೀಗ ಹಾಕಿದ್ದರು. ಕಾರ್ಯಕರ್ತೆ ಮಕ್ಕಳನ್ನು ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡು, ತಮ್ಮ ಮನೆಯಲ್ಲೇ ಉಪ್ಪಿಟ್ಟು ಮಾಡಿ ತಂದು ಬಡಿಸುತ್ತಿದ್ದರು. ನಾನು ಬರೆದ ಪತ್ರಗಳು ಮೇಲಕ್ಕೆ ಹೋದವು; ಹಣ ಬರುವ ಮೊದಲೇ ಬೇಸಿಗೆ ಬಂತು.

ಸ್ವಂತ ಕಟ್ಟಡ ಬೇಕಿದ್ದರೆ ಗ್ರಾಮ ಪಂಚಾಯಿತಿಗೆ ಹೋಗಿ. ಉದ್ಯೋಗ ಖಾತರಿಯಿಂದ 8 ಲಕ್ಷ, ಹಣಕಾಸು ಆಯೋಗದ ಅನುದಾನದಿಂದ 2 ಲಕ್ಷ, ಕೇಂದ್ರದ ಮಹಿಳಾ ಮತ್ತು ಮಕ್ಕಳ ಸಚಿವಾಲಯದಿಂದ 2 ಲಕ್ಷ ಸೇರಿಸಿ 12 ಲಕ್ಷ ರೂಪಾಯಿಯಲ್ಲಿ ಕಟ್ಟುವ ಕ್ರಮವನ್ನು ರೂಪಿಸಲಾಗಿತ್ತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವನ್ನು ಶಾಸಕರ ಮೂಲಕ ಕೇಳುವ ದಾರಿಯೂ ನಮ್ಮ ಭಾಗದವರಿಗೆ ಇದೆ.

ಪ್ರಶ್ನೆ (ಚಿಂಚೋಳಿ ತಾಲ್ಲೂಕಿನ ತಾಂಡಾದಿಂದ): ನಮ್ಮ ತಾಂಡಾದಲ್ಲಿ ಕೇಂದ್ರವೇ ಇಲ್ಲ. ಮಕ್ಕಳು ಹಳ್ಳ ದಾಟಿ ಹೋಗಬೇಕು.

ಉತ್ತರ: ಆರು ವರ್ಷದೊಳಗಿನ ಮಕ್ಕಳ ಪಟ್ಟಿ ಮಾಡಿ. ಒಂದು ವಸತಿಯಲ್ಲಿ ಅಂಥ ಮಕ್ಕಳು 40 ಇದ್ದು ಕೇಂದ್ರವಿಲ್ಲದಿದ್ದರೆ, ಬೇಡಿಕೆ ಸಲ್ಲಿಸಿದ ಮೂರು ತಿಂಗಳೊಳಗೆ ತೆರೆಯಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಅರ್ಜಿಯಲ್ಲಿ ಆ ಆದೇಶವನ್ನೂ, ಮಳೆಗಾಲದಲ್ಲಿ ಹಳ್ಳ ತುಂಬುವುದನ್ನೂ ಬರೆದು ಸಿಡಿಪಿಒ ಕಚೇರಿಯಲ್ಲಿ ಸ್ವೀಕೃತಿ ಪಡೆಯಿರಿ. ಮಕ್ಕಳು ಅಷ್ಟಿಲ್ಲದಿದ್ದರೂ, ಜನಸಂಖ್ಯೆ 150 ದಾಟಿದ್ದರೆ ಮಿನಿ ಕೇಂದ್ರದ ಮಾನದಂಡದ ಆಧಾರದ ಮೇಲೆ ಕೇಳಿ. ಕಾರ್ಯಕರ್ತೆ ತಾಂಡಾದವರೇ ಆಗಲಿ ಎಂದು ನಾನು ಬಯಸುತ್ತೇನೆ, ಏಕೆಂದರೆ ಮನೆಯಲ್ಲಿ ಲಂಬಾಣಿ ಆಡುವ ಮಗುವಿಗೆ ಮೊದಲ ಕನ್ನಡ ಪದವನ್ನು ಅದರ ಮಾತು ಬಲ್ಲವರೇ ಕಲಿಸಬೇಕು.

ಪ್ರಶ್ನೆ (ಕಲಬುರಗಿಯಿಂದ): ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ಬರುತ್ತಿರುವಾಗ ಅಂಗನವಾಡಿ ಯಾಕೆ ಬೇಕು?

ಉತ್ತರ: 2024ರಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಆ ತರಗತಿಗಳನ್ನು ಆರಂಭಿಸಲು ಹೊರಟಾಗ ಅಂಗನವಾಡಿ ನೌಕರರು ಪ್ರತಿಭಟಿಸಿದ್ದು ಇದೇ ಕಾರಣಕ್ಕೆ. ಮೂರರಿಂದ ಆರು ವರ್ಷದ ಮಕ್ಕಳು ಶಾಲೆಗೆ ಹೋದರೆ ಕೇಂದ್ರ ಖಾಲಿಯಾಗುತ್ತದೆ ಎಂಬ ಅವರ ಭಯ ನಿಜವಾದದ್ದು. ಪೋಷಕರ ಆಸೆಯೂ ನಿಜವಾದದ್ದೇ. ಆದರೆ ಎಲ್‌ಕೆಜಿ ಟೀಚರು ಆರು ತಿಂಗಳ ಕೂಸಿನ ತೋಳಿನ ಸುತ್ತಳತೆ ನೋಡಿ, ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸುವುದಿಲ್ಲ. ಅಂಗನವಾಡಿಗೇ ಇನ್ನೊಬ್ಬ ಶಿಕ್ಷಕಿಯನ್ನು ಕೊಟ್ಟು, ಪಾಠವನ್ನು ಅವರಿಗೇ ವಹಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ (ಸುರಪುರದಿಂದ): ದಸರೆಯ ನಂತರ ನಾವು ಪುಣೆಗೆ ಗುಳೆ ಹೋಗುತ್ತೇವೆ. ಮಗನ ಹೆಸರು ಇಲ್ಲಿ ತೆಗೆದುಹಾಕುತ್ತಾರೆಯೇ?

ಉತ್ತರ: ಹೊರಡುವ ಮುನ್ನ ಕಾರ್ಯಕರ್ತೆಗೆ ತಿಳಿಸಿ, ಪೋಷಣ್ ಟ್ರ್ಯಾಕರ್‌ನಲ್ಲಿ ಹೆಸರನ್ನು ಬೇರೆ ರಾಜ್ಯದ ಕೇಂದ್ರಕ್ಕೂ ವರ್ಗಾಯಿಸಬಹುದು. ಮಗುವಿಗೆ ಆಧಾರ್ ಇಲ್ಲದಿದ್ದರೆ ತಾಯಿಯದು ಸಾಕು. ಚುಚ್ಚುಮದ್ದಿನ ವಿವರವಿರುವ ತಾಯಿ ಕಾರ್ಡನ್ನು ಬಟ್ಟೆಯ ಗಂಟಿನಲ್ಲಿ ಇಡದೆ ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ, ಅಲ್ಲಿಗೆ ಹೋದ ವಾರದೊಳಗೆ ಹತ್ತಿರದ ಕೇಂದ್ರದಲ್ಲಿ ತೋರಿಸಿ.