127ನೇ ಲಾಟ್ ತನಕ ಸರಿ, 128ರಿಂದ ದರ ಖಾಲಿ: ಇಂಥ ತಪ್ಪನ್ನು ಮೊದಲೇ ಹಿಡಿಯೋದು ಹೇಗೆ?

ತಟ್ಟಿಬೆಟ್ಟೆ (ಶಿರಸಿ):
ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಅಡಿಕೆ ದಲಾಲಿ ಅಂಗಡಿಗೆ ಜಾವಾದಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ರೈತರು ತಂದ ರಾಶಿ, ಚಾಲಿ, ಬೆಟ್ಟೆ ಹೀಗೆ ಎಲ್ಲ ಬಗೆಯ ಅಡಿಕೆಗೂ ಲಾಟ್ ನಂಬರ್ ಬೀಳುತ್ತದೆ. ಟೆಂಡರ್ ಮುಗಿದ ಮೇಲೆ ಆ ನಂಬರ್ ನೋಡಿ ದರವನ್ನು ರೈತರ ಬಿಲ್ಲಿಗೆ ಸೇರಿಸುವುದು ನನ್ನ ಕೋಡ್‌ನ ಕೆಲಸ.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ದಿನಕ್ಕೆ ನೂರು ಲಾಟ್ ದಾಟಿದ್ದೇ ಇಲ್ಲ. ಕಳೆದ ಏಪ್ರಿಲ್‌ನಲ್ಲಿ ಒಂದು ದಿನ ಚಾಲಿ ಜಾಸ್ತಿ ಬಂದು ಲಾಟ್ 140 ದಾಟಿತು. 127ರ ತನಕ ಬಿಲ್ ಸರಿ. 128ರಿಂದ ದರದ ಜಾಗ ಖಾಲಿ. ಗುಮಾಸ್ತರು ಕೊನೆಗೆ ಕೈಯಲ್ಲೇ ಬರೆದು ಕೊಟ್ಟರು. ಹುಲೇಕಲ್ ಕಡೆಯ ಅಜ್ಜ ಒಬ್ಬರು ಮೂರು ಚೀಲ ಅಡಿಕೆ ಮಾರಲು ಬಂದವರು, ಬಿಲ್ಲಿಗೆ ಕಾದು ಕಾದು ಸಂಜೆ ಬಸ್ಸು ತಪ್ಪಿಸಿಕೊಂಡರು. ಖಾಲಿ ಚೀಲ ಮಡಚಿ ತೊಡೆ ಮೇಲೆ ಇಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದರು. ನನಗೆ ತುಂಬಾ ಬೇಜಾರಾಯಿತು.

ರಾತ್ರಿ ಹುಡುಕಿದಾಗ ತಪ್ಪು ಸಿಕ್ಕಿದ್ದು ಒಂದೇ ಸಾಲಿನಲ್ಲಿ. ಎರಡು ಇಂಟಿಜರ್ ಆಬ್ಜೆಕ್ಟ್‌ಗಳನ್ನು (ಪೂರ್ಣಾಂಕವನ್ನು ಒಳಗಿಟ್ಟುಕೊಂಡ ಡಬ್ಬಿಗಳಂಥವು) == ಹಾಕಿ ಹೋಲಿಸಿದ್ದೆ. ಈಕ್ವಲ್ಸ್ ಅಂತ ಬದಲಿಸಿದೆ, ಸರಿಹೋಯಿತು. ಆದರೆ 127ಕ್ಕೇ ಯಾಕೆ? ನಾವು ಬರೆದ ಕೋಡನ್ನು ಓಡುವ ರೂಪಕ್ಕೆ ತರುವ ಕಂಪೈಲರ್ ಯಾಕೆ ಸುಮ್ಮನಿತ್ತು? ಇಂಥದ್ದನ್ನು ತಾನೇ ಹಿಡಿಯುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಹಳೆಯ ಕೋಡ್ ಮೇಲೆ ಸ್ಪಾಟ್‌ಬಗ್ಸ್ ಅನ್ನುವ ತಪ್ಪು ಹುಡುಕುವ ಟೂಲ್ ಓಡಿಸಿದೆ. 412 ಎಚ್ಚರಿಕೆ ಬಂತು. ಎಲ್ಲಿಂದ ಶುರು ಮಾಡಲಿ?

ಕಾಳಿ ಸೇತುವೆ (ಕಾರವಾರ):
ತಂಗಿ, 127ರ ಗುಟ್ಟು ಇಷ್ಟೇ. ಮೈನಸ್ 128ರಿಂದ 127ರ ತನಕದ ಇಂಟಿಜರ್ ಆಬ್ಜೆಕ್ಟ್‌ಗಳನ್ನು ಜಾವಾ ಮೊದಲೇ ಮಾಡಿ ಇಟ್ಟುಕೊಂಡಿರುತ್ತದೆ. 50 ಬೇಕು ಅಂದಾಗಲೆಲ್ಲ ಅದೇ 50ನ್ನು ಕೊಡುತ್ತದೆ. 128 ಬೇಕು ಅಂದರೆ ಸಾಮಾನ್ಯವಾಗಿ ಪ್ರತಿ ಸಲ ಹೊಸದು. == ನೋಡುವುದು ಒಳಗಿನ ಸಂಖ್ಯೆಯನ್ನಲ್ಲ, ಎರಡೂ ಒಂದೇ ಆಬ್ಜೆಕ್ಟಾ ಅಂತ. ಸಂಖ್ಯೆಯನ್ನು ನೋಡುವುದು ಈಕ್ವಲ್ಸ್. ಬರೆದ ರೀತಿ ಜಾವಾ ನಿಯಮಕ್ಕೆ ಸರಿ ಇದೆ, ಹಾಗಾಗಿ ಕಂಪೈಲರ್ ಒಪ್ಪಿಕೊಂಡಿತು.

ಕಂಪೈಲರ್ ಒಪ್ಪಿದ್ದರಲ್ಲೂ ಅನುಮಾನ ಬರುವ ಸಾಲನ್ನು ತೋರಿಸುವ ಕೆಲಸ ಹೊಸದೇನಲ್ಲ. 1978ರಲ್ಲೇ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗೆ ಲಿಂಟ್ ಬರೆದರು. ಬಟ್ಟೆಗೆ ಅಂಟಿದ ನೂಲಿನ ಚೂರಿಗೆ ಆ ಹೆಸರು. ಜಾವಾಕ್ಕೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಿಲ್ ಪ್ಯೂ ಅವರ ಫೈಂಡ್‌ಬಗ್ಸ್ ಬಂತು. ನೀವು ಓಡಿಸಿದ್ದು ಅದರ ಮುಂದುವರಿಕೆ. ಪ್ರೋಗ್ರಾಮನ್ನು ಓಡಿಸದೆ ಅದು ಬೈಟ್‌ಕೋಡ್ (ಕಂಪೈಲರ್ ಮಾಡಿಕೊಡುವ ರೂಪ) ಓದುತ್ತದೆ. ಜನ ಪದೇ ಪದೇ ಮಾಡುವ 400ಕ್ಕೂ ಹೆಚ್ಚು ಬಗೆಯ ತಪ್ಪುಗಳ ಗುರುತು ಅದಕ್ಕಿದೆ. ನಿಮ್ಮದೂ ಅದರಲ್ಲೊಂದು. ಆ 412ರಲ್ಲಿ ಆ ಸಾಲು ಇದ್ದೇ ಇರಬೇಕು, ಹುಡುಕಿ ನೋಡಿ. ಗೂಗಲ್‌ನವರ ಎರರ್ ಪ್ರೋನ್ ಕೂಡ ಹಾಕಿಕೊಳ್ಳಿ. ಅದು ಕಂಪೈಲ್ ಮಾಡುವಾಗಲೇ ಹೇಳುತ್ತದೆ.

ಅಘನಾಶಿನಿ (ಕುಮಟಾ):
412 ನೋಡಿ ಹೆದರಬೇಡಿ. ನಾನೂ ಮೊದಲ ಸಲ ಎಲ್ಲವನ್ನೂ ಸರಿ ಮಾಡಲು ಹೊರಟು, ಮೂರನೇ ದಿನ ಟೂಲನ್ನೇ ತೆಗೆದುಹಾಕಿದ್ದೆ. ಅದು ದೊಡ್ಡ ತಪ್ಪು.

ಮೊದಲು ಕರೆಕ್ಟ್‌ನೆಸ್ ಅನ್ನುವ ಗುಂಪನ್ನು ಮಾತ್ರ ತೆರೆಯಿರಿ. ಪ್ರತಿ ಎಚ್ಚರಿಕೆಗೂ 1ರಿಂದ 20ರ ತನಕ ರ‍್ಯಾಂಕ್ ಇದೆ. 1 ಅಂದರೆ ತುಂಬಾ ಗಂಭೀರ. 9ರ ಒಳಗಿನದನ್ನು ಈ ವಾರವೇ ನೋಡಿ. ಉಳಿದ ಹಳೆಯ ಎಚ್ಚರಿಕೆಗಳನ್ನು ಫಿಲ್ಟರ್ ಫೈಲ್‌ಗೆ (ಟೂಲ್ ತೋರಿಸಬಾರದವುಗಳ ಪಟ್ಟಿ) ಹಾಕಿ ಪಕ್ಕಕ್ಕಿಡಿ. ಇನ್ನು ಮುಂದೆ ಹೊಸದೊಂದು ಬಂದರೆ ಬಿಲ್ಡ್ (ಕೋಡಿನಿಂದ ಪ್ರೋಗ್ರಾಂ ಕಟ್ಟುವ ಕೆಲಸ) ನಿಲ್ಲುವ ಹಾಗೆ ಮಾಡಿ. ಟೂಲ್ ಉಳಿಯುವುದು ಹಾಗೆ ಮಾಡಿದರೆ ಮಾತ್ರ. ದಿನಾ ನೂರು ಸಾಲು ಸುಳ್ಳು ಎಚ್ಚರಿಕೆ ಬಂದರೆ ನಿಜವಾದದ್ದನ್ನೂ ಯಾರೂ ಓದುವುದಿಲ್ಲ, ಅಲ್ವಾ?

ಇನ್ನೊಂದು ಮಾತು. ಅಡಿಕೆ ಆರಿಸುವವರ ಕೈ ಕೋಕಾವನ್ನು (ಕಳಪೆ ಅಡಿಕೆ) ಥಟ್ಟನೆ ಬೇರೆ ಮಾಡುತ್ತದೆ. ತೂಕ ತಪ್ಪಿದ್ದು ಅವರಿಗೆ ಗೊತ್ತಾಗುವುದಿಲ್ಲ. ಇದೂ ಹಾಗೇ. ನಿಮ್ಮ ಕೋಡ್ ಚೀಲದ ತೂಕವನ್ನು ಎರಡು ಸಲ ಕಳೆದರೂ ಸ್ಪಾಟ್‌ಬಗ್ಸ್ ತುಟಿ ಪಿಟಕ್ಕೆನ್ನುವುದಿಲ್ಲ. ಅದಕ್ಕೆ ಟೆಸ್ಟ್ ನೀವೇ ಬರೆಯಬೇಕು. ಎಷ್ಟು ಲಾಟ್ ಇಟ್ಟು ಟೆಸ್ಟ್ ಮಾಡುತ್ತಿದ್ದೀರಿ?

ತಟ್ಟಿಬೆಟ್ಟೆ (ಶಿರಸಿ):
ಅಕ್ಕ, ಟೆಸ್ಟ್‌ನಲ್ಲಿ ಇದ್ದದ್ದು ಬರೀ 40 ಲಾಟ್. ಈಗ 300 ಮಾಡಿದ್ದೇನೆ. ಚೀಲದ ತೂಕಕ್ಕೂ ಬೇರೆ ಟೆಸ್ಟ್ ಬರೆದೆ.

ಅಣ್ಣ ಹೇಳಿದ್ದು ನಿಜ. ಕರೆಕ್ಟ್‌ನೆಸ್ ಗುಂಪಿನಲ್ಲಿ ಇದ್ದದ್ದು 11 ಎಚ್ಚರಿಕೆ. ನಾಲ್ಕನೆಯದೇ ಆ ಸಾಲು. ಏಪ್ರಿಲ್‌ಗೆ ಮೊದಲು ಒಂದೇ ಒಂದು ಸಲ ಓಡಿಸಿದ್ದರೆ ಸಿಕ್ಕಿರುತ್ತಿತ್ತು. ಅದರ ಕೆಳಗೆ ಇನ್ನೊಂದಿತ್ತು. ಲೆಕ್ಕ ಪಕ್ಕಾ ಇರಲಿ ಅಂತ ದಶಮಾಂಶವನ್ನು ನಿಖರವಾಗಿ ಇಡುವ ಬಿಗ್‌ಡೆಸಿಮಲ್ ಬಳಸಿದ್ದೆ, ಆದರೆ ಅದಕ್ಕೆ 0.1 ಅನ್ನು ಡಬಲ್ ಆಗಿ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಬಗೆ) ಕೊಟ್ಟಿದ್ದೆ. ಪ್ರಿಂಟ್ ಮಾಡಿ ನೋಡಿದರೆ 0.1000000000000000055 ಅಂತ ಶುರುವಾಗಿ ಉದ್ದಕ್ಕೆ ಹೋಗುತ್ತದೆ. ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ ಆಗಿ ಕೊಟ್ಟ ಮೇಲೆ ಬರೀ 0.1 ಬಂತು.

ಉಳಿದ ಒಂಬತ್ತನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಎರಡು ಸುಳ್ಳು ಎಚ್ಚರಿಕೆ ಅನ್ನಿಸುತ್ತಿದೆ. ನಾಳೆ ಆ ಸಾಲುಗಳನ್ನು ಇಲ್ಲೇ ಹಾಕುತ್ತೇನೆ, ದಯವಿಟ್ಟು ನೋಡಿ ಹೇಳಿ.