ಸಣ್ಣ ಟಾರ್ಚ್ ಮಿಣುಕುತ್ತದೆ, ಬೇಗ ಮಂಕಾಗುತ್ತದೆ, ಸಿ ಟು ಸಿ ಕೇಬಲ್‌ಗೆ ಚಾರ್ಜ್ ಆಗಲ್ಲ: ರಿಪೇರಿ ಮಾಡಲಾ, ಹೊಸದು ತಗೊಳ್ಳಲಾ?

ಬ್ಯಾಡಗಿ_ಹುಡುಗ:

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಹುಬ್ಬಳ್ಳಿಯಲ್ಲಿ, ಊರು ಬ್ಯಾಡಗಿ ಹತ್ತಿರ. ಜೇಬಿನಲ್ಲಿ ಇಟ್ಟುಕೊಳ್ಳಲು ಆನ್‌ಲೈನ್‌ನಲ್ಲಿ ಒಂದು ಸಣ್ಣ ಎಲ್‌ಇಡಿ ಟಾರ್ಚ್ ತರಿಸಿದ್ದೆ. ಅಲ್ಯೂಮಿನಿಯಂ ಮೈ, ಹಿಂದೆ ಒತ್ತುವ ಸ್ವಿಚ್, ಬಿಚ್ಚಿ ತೆಗೆಯಬಹುದಾದ 18650 ಸೆಲ್, ಅಂದರೆ ಪೆನ್ಸಿಲ್ ಸೆಲ್‌ಗಿಂತ ದಪ್ಪನೆಯ, ರೀಚಾರ್ಜ್ ಆಗುವ ಲಿಥಿಯಂ ಸೆಲ್. ಡಬ್ಬಿ ಮೇಲೆ ಬೆಳಕು 5000 ಲುಮೆನ್ ಅಂತಿದೆ, ಸೆಲ್ ಮೇಲೆ ಸಾಮರ್ಥ್ಯ 9900 ಎಂಎಎಚ್ ಅಂತಿದೆ.

ಈಗ ಮೂರು ತೊಂದರೆ ಇವೆ. ಫುಲ್ ಬೆಳಕಿಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ಮೈ ಬಿಸಿಯಾಗಿ ಮಂಕಾಗುತ್ತದೆ. ಕೈಯಲ್ಲಿ ಅಲ್ಲಾಡಿಸಿದರೆ ಮಿಣುಕುತ್ತದೆ, ಕೆಲವು ಸಲ ಆರಿಯೇ ಹೋಗುತ್ತದೆ. ಮೊಬೈಲಿನ ಹೊಸ ಚಾರ್ಜರ್‌ಗೆ, ಅಂದರೆ ಎರಡೂ ತುದಿ ಸಿ ಇರುವ ಕೇಬಲ್‌ಗೆ, ಹಾಕಿದರೆ ಚಾರ್ಜಿಂಗ್ ದೀಪವೇ ಬರುವುದಿಲ್ಲ.

ಇನ್ನೊಂದು ಮಾತು. ಅಪ್ಪನಿಗೂ ಒಂದು ಟಾರ್ಚ್ ಬೇಕು. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಂದಾಗ ಮೋಟರ್ ಚಾಲೂ ಮಾಡಲು ಹೊಲಕ್ಕೆ ಹೋಗುತ್ತಾರೆ. ಗೋವಿನಜೋಳದ ನಡುವೆ ಬದುವಿನ ಮೇಲೆ ಮೊಬೈಲ್ ಲೈಟ್ ಹಿಡಿದು ನಡೆಯುತ್ತಾರೆ, ನನಗೆ ಇಲ್ಲಿ ನಿದ್ದೆ ಹತ್ತಲ್ಲ. ಅವರಿಗೆ ಯಾವ ಥರದ್ದು ಕೊಡಿಸಬೇಕು? ನನ್ನದು ರಿಪೇರಿ ಆಗುತ್ತದಾ?

ಗದಗ_ಮಲ್ಟಿಮೀಟರ್:

ತಮ್ಮಾ, ನಿನ್ನ ಮೂರು ತೊಂದರೆಗೆ ಮೂರು ಬೇರೆ ಬೇರೆ ಕಾರಣ ಇವೆ. ಒಂದೇ ಅಂತ ತಿಳಿದು ಟಾರ್ಚ್ ಎಸೆಯಬೇಡ.

ಚಾರ್ಜ್ ವಿಷಯ ಮೊದಲು. ಸಿ ಪೋರ್ಟ್ ಇರುವ ಉಪಕರಣದ ಒಳಗೆ 5.1 ಕಿಲೋ ಓಮ್‌ನ ಎರಡು ರೆಸಿಸ್ಟರ್ ಇರಬೇಕು. ಸಿ ಟು ಸಿ ಕೇಬಲ್ ಹಾಕಿದಾಗ ಚಾರ್ಜರ್ ಮೊದಲು ಅದನ್ನು ಹುಡುಕುತ್ತದೆ, ಸಿಕ್ಕರೆ ಮಾತ್ರ 5 ವೋಲ್ಟ್ ಬಿಡುತ್ತದೆ. ಅಗ್ಗದ ಟಾರ್ಚ್‌ಗಳಲ್ಲಿ ಇವನ್ನು ಹಾಕಿರುವುದೇ ಇಲ್ಲ. ಒಂದು ತುದಿ ಅಗಲದ ಹಳೇ ಯುಎಸ್‌ಬಿ ಇರುವ ಕೇಬಲ್ ಹಾಕಿ ನೋಡು, ಅದು ಏನೂ ಕೇಳದೆ ಕರೆಂಟ್ ಕೊಡುತ್ತದೆ. ಹಾಗೆ ಚಾರ್ಜ್ ಆದರೆ ಪೋರ್ಟ್ ಕೆಟ್ಟಿಲ್ಲ ಅಂತ ಅರ್ಥ. ಅದೇ ಕೇಬಲ್ ಟಾರ್ಚ್ ಜೊತೆ ಇಟ್ಟುಕೋ, ಸಾಕು.

ಮಂಕಾಗುವುದು ಭಾಗಶಃ ಸಹಜ. ಲೆಕ್ಕ ಹಾಕಿ ನೋಡು. ಒಳ್ಳೆಯ ಎಲ್‌ಇಡಿ, ನಷ್ಟ ಎಲ್ಲಾ ಕಳೆದು, ಒಂದು ವ್ಯಾಟ್‌ಗೆ ಸುಮಾರು 100 ಲುಮೆನ್ ಕೊಡುತ್ತದೆ ಅಂತ ಇಟ್ಟುಕೊಂಡರೆ 1000 ಲುಮೆನ್‌ಗೆ 10 ವ್ಯಾಟ್ ಬೇಕು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖವಾಗುತ್ತದೆ. ಅಷ್ಟು ಶಾಖ ಇಷ್ಟು ಸಣ್ಣ ಮೈಯಿಂದ ಹೊರಗೆ ಹೋಗಬೇಕಲ್ಲ, ಹೋಗದಿದ್ದಾಗ ಒಳಗಿನ ಸರ್ಕ್ಯೂಟ್ ತಾನೇ ಬೆಳಕು ಇಳಿಸುತ್ತದೆ. ಒಳ್ಳೆಯ ಟಾರ್ಚ್‌ಗಳೂ ಇದನ್ನೇ ಮಾಡುತ್ತವೆ. ಎಎನ್‌ಎಸ್‌ಐ ಎಫ್‌ಎಲ್1 ಅಂತ ಟಾರ್ಚ್‌ಗಳಿಗೆ ಒಂದು ಅಳತೆ ಪದ್ಧತಿ ಇದೆ, 2009ರಲ್ಲಿ ಬಂತು. ಅದರ ಪ್ರಕಾರವೂ ಲುಮೆನ್ ಅಳೆಯುವುದು ಹಚ್ಚಿದ 30 ಸೆಕೆಂಡ್ ಆದ ಮೇಲೆ. ಹಾಗಾಗಿ ಡಬ್ಬಿಯ ಅಂಕಿ ನಿಜವೇ ಆದರೂ ಅದು ಮೊದಲ ನಿಮಿಷದ ಬೆಳಕು ಅಷ್ಟೇ. ಇನ್ನು ಒಂದು 18650 ಸೆಲ್‌ನ ಜೇಬಿನ ಟಾರ್ಚ್ 5000 ಲುಮೆನ್ ಕೊಡುತ್ತದೆ ಅನ್ನುವುದನ್ನು ನಂಬಲೇಬೇಡ.

9900 ಎಂಎಎಚ್ ಅನ್ನುವುದು ಶುದ್ಧ ಸುಳ್ಳು. ಹೆಸರಿರುವ ಕಂಪನಿಗಳ 18650 ಸೆಲ್ ಕೂಡ ಹೆಚ್ಚಾಗಿ 2500ರಿಂದ 3500ರೊಳಗೇ ಇರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡು. ಒಳ್ಳೆಯ ಸೆಲ್ 45 ಗ್ರಾಂ ಆಸುಪಾಸು ಬರುತ್ತದೆ. ತೀರಾ ಹಗುರ ಇದ್ದರೆ ಒಳಗೆ ಮಾಲು ಇಲ್ಲ.

ಕಡೆಯದು ಮಿಣುಕುವುದು. ಹಿಂದಿನ ಮುಚ್ಚಳ, ಅಂದರೆ ಸ್ವಿಚ್ ಇರುವ ಭಾಗ, ತಿರುಗಿಸಿ ತೆಗೆ. ಸೆಲ್‌ನ ಮೈನಸ್ ತುದಿ ಕಾಣುತ್ತದೆ, ಸುತ್ತ ಕೊಳವೆಯ ಅಂಚು ಕಾಣುತ್ತದೆ. ದಪ್ಪನೆಯ ವೈರ್ ತುಂಡೊಂದನ್ನು ಸೆಲ್‌ನ ಮೈನಸ್‌ಗೂ ಆ ಅಂಚಿನ ಬಣ್ಣವಿಲ್ಲದ ಲೋಹಕ್ಕೂ ಒಂದೆರಡು ಸೆಕೆಂಡ್ ತಾಗಿಸು. ಟಾರ್ಚ್ ಹತ್ತಿ, ಅಲ್ಲಾಡಿಸಿದರೂ ಮಿಣುಕದಿದ್ದರೆ ತಪ್ಪು ಸ್ವಿಚ್ ಕಡೆ ಇದೆ. ಆಗಲೂ ಮಿಣುಕಿದರೆ ತಲೆಯ ಕಡೆ. ಮಲ್ಟಿಮೀಟರ್ ಇದ್ದರೆ ಫುಲ್ ಚಾರ್ಜ್ ಮಾಡಿದ ಸೆಲ್‌ನ ವೋಲ್ಟೇಜ್ ಕೂಡ ನೋಡು, 4.2 ಹತ್ತಿರ ಇರಬೇಕು. ಎಲ್ಲಾ ನೋಡಿ ಇಲ್ಲಿ ಹಾಕು.

ಬ್ಯಾಡಗಿ_ಹುಡುಗ:

ತುಂಬಾ ಥ್ಯಾಂಕ್ಸ್ ಅಣ್ಣಾ. ಹಳೇ ಕೇಬಲ್‌ಗೆ ಚಾರ್ಜ್ ಆಯ್ತು! ವೋಲ್ಟೇಜ್ 4.16 ಇದೆ. ಸೆಲ್ ತೂಕ 31 ಗ್ರಾಂ ಮಾತ್ರ. ವೈರ್ ತಾಗಿಸಿದಾಗ ಬೆಳಕು ಗಟ್ಟಿಯಾಗಿ ನಿಂತಿತು, ಮಿಣುಕಲಿಲ್ಲ. ಮುಚ್ಚಳದ ಒಳಗೆ ಎರಡು ಸಣ್ಣ ತೂತು ಇರುವ ಒಂದು ರಿಂಗ್ ಇದೆ, ಅದು ಬೆರಳಲ್ಲೇ ತಿರುಗುತ್ತಿದೆ. ಅದು ಹಾಗೇ ಇರಬೇಕಾ?

ಹುಬ್ಬಳ್ಳಿ_ರಿಪೇರಿ:

ಹಾಗೆ ಇರಬಾರದು ಸರ್, ತೊಂದರೆ ಸಿಕ್ಕಿತು. ದುರ್ಗದಬೈಲ್ ಕಡೆಯಿಂದ ಜನ ನನ್ನ ಹತ್ತಿರ ತರುವ ಟಾರ್ಚ್‌ಗಳಲ್ಲಿ ಇದೇ ಜಾಸ್ತಿ. ಆ ರಿಂಗ್ ಸ್ವಿಚ್ಚನ್ನು ಒತ್ತಿ ಹಿಡಿಯುತ್ತದೆ, ಕರೆಂಟ್ ಕೂಡ ಅದರ ಮೂಲಕವೇ ಮೈಗೆ ಹೋಗುತ್ತದೆ. ಚೂಪು ಮೂತಿಯ ಚಿಮಟವನ್ನು ಎರಡು ತೂತಿಗೆ ಇಟ್ಟು ಬಿಗಿ ಮಾಡಿ. ಜೋರು ಬೇಡ, ಕೈಗೆ ಬಿಗಿ ಅನಿಸಿದರೆ ಸಾಕು.

ಬಿಗಿ ಮಾಡುವ ಮುಂಚೆ ಮುಚ್ಚಳ ತಿರುಗಿಸುವ ತಿರುಪಿನ ಎಳೆಗಳನ್ನು, ಸ್ಪ್ರಿಂಗನ್ನು, ಕೊಳವೆಯ ಅಂಚನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ನಮ್ಮ ಕಡೆಯ ಕರಿಮಣ್ಣಿನ ಧೂಳು ಆ ಎಳೆಗಳಲ್ಲಿ ಕೂತರೆ ಬೆಳಕು ಇಳಿಯುತ್ತದೆ, ಜನ ಸೆಲ್ ಕೆಟ್ಟಿತು ಅಂದುಕೊಳ್ಳುತ್ತಾರೆ. ಆಮೇಲೆ ರಬ್ಬರ್ ರಿಂಗ್‌ಗೆ ಚೂರು ಸಿಲಿಕಾನ್ ಗ್ರೀಸ್ ಹಚ್ಚಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ. ಥಂಡಿಗೆ ಗಟ್ಟಿಯಾಗುತ್ತದೆ, ಧೂಳನ್ನೂ ಹಿಡಿಯುತ್ತದೆ.

ಸೆಲ್ ಮಾತ್ರ ಬದಲಿಸಿ. 31 ಗ್ರಾಂ ಅಂದರೆ ಕಥೆ ಮುಗಿಯಿತು. ಸುಮ್ನೆ ಇಟ್ಟಾಗ 4.16 ತೋರಿಸುತ್ತದೆ, ಲೋಡ್ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ನಿಮ್ಮ ಟಾರ್ಚ್ ಬೇಗ ಮಂಕಾಗಲು ಶಾಖದ ಜೊತೆ ಇದೂ ಕಾರಣ. ತಗೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ನೋಡಿ, ಲಿಥಿಯಂ ಸೆಲ್‌ಗೆ ಐಎಸ್ 16046 ಅಂತ ಇರುತ್ತದೆ. ಪ್ಲಾಸ್ಟಿಕ್ ಹೊದಿಕೆ ಹರಿದ ಸೆಲ್ಲನ್ನು ಯಾವ ಟಾರ್ಚ್‌ಗೂ ಹಾಕಬೇಡಿ, ಶಾರ್ಟ್ ಆಗಿ ಬೆಂಕಿ ಹತ್ತಬಹುದು. 2.5 ವೋಲ್ಟ್‌ಗಿಂತ ಕೆಳಗೆ ಬಿದ್ದ ಸೆಲ್ಲನ್ನು ಮತ್ತೆ ಚಾರ್ಜ್ ಮಾಡಬೇಡಿ. ಹಳೆಯದನ್ನು ತಿಪ್ಪೆಗೆ ಹಾಕಬೇಡಿ, ಅಲ್ಲಿ ಕಸಕ್ಕೆ ಬೆಂಕಿ ಇಡುತ್ತಾರೆ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಹಾವೇರಿ_ಹೊಲ:

ತಮ್ಮಾ, ನಾನು ನಿಮ್ಮ ಅಪ್ಪನ ಟಾರ್ಚ್ ಬಗ್ಗೆ ಹೇಳುತ್ತೇನೆ. ನಾನೂ ರಾತ್ರಿ ಪಾಳಿಯಲ್ಲಿ ನೀರು ಕಟ್ಟುವವನು.

ಮೊದಲು ಸೆಲ್ ಆರಿಸು, ಆಮೇಲೆ ಟಾರ್ಚ್. ಎಲ್ಲರೂ ಉಲ್ಟಾ ಮಾಡುತ್ತಾರೆ. ಲುಮೆನ್ ನೋಡಿ ತರುತ್ತಾರೆ, ಸೆಲ್ ಹೋದ ದಿನ ಆ ಟಾರ್ಚ್ ಮೂಲೆಗೆ ಬೀಳುತ್ತದೆ. 18650 ಸೆಲ್ ಹಳ್ಳಿಯಲ್ಲಿ ಸಿಗಲ್ಲ. ಪೆನ್ಸಿಲ್ ಸೆಲ್, ಅಂದರೆ ಎಎ, ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಅಪ್ಪನಿಗೆ ಒಂದು ಅಥವಾ ಎರಡು ಎಎ ಸೆಲ್‌ನ ಟಾರ್ಚ್ ಕೊಡಿಸು. ಮನೆಯಲ್ಲಿ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ನಾಲ್ಕು ಇಡು, ಎರಡು ಟಾರ್ಚ್‌ನಲ್ಲಿ, ಎರಡು ಚಾರ್ಜ್ ಆಗಿ ಕಾಯುತ್ತಿರಲಿ. ಎನೆಲೂಪ್ ಥರದವು ಸುಮ್ನೆ ಇಟ್ಟರೂ ತಿಂಗಳುಗಟ್ಟಲೆ ಚಾರ್ಜ್ ಹಿಡಿಯುತ್ತವೆ. ಅವು 1.2 ವೋಲ್ಟ್, 2000 ಎಂಎಎಚ್ ಆಸುಪಾಸು. ಗದಗದ ಅಣ್ಣನ ಲೆಕ್ಕದಲ್ಲೇ ನೋಡಿದರೆ ಒಂದು ಸೆಲ್‌ಗೆ 100 ಲುಮೆನ್ ಸುಮಾರು ಎರಡು ತಾಸು ಬರುತ್ತದೆ. ಬಾವಿಗೆ ಹೋಗಿ ಬರಲು ಅಷ್ಟು ಬೆಳಕು ಬೇಕಾದಷ್ಟಾಯಿತು. ಕಾಲ ಕೆಳಗಿನ ದಾರಿಗೆ 50 ಲುಮೆನ್ ಸಾಕು.

ಬೆಳಕಿನ ಬಣ್ಣ ಬಹಳ ಮುಖ್ಯ. ನೀಲಿ ಬೆರೆತ ಬಿಳಿ, ಅಂದರೆ 6500 ಕೆಲ್ವಿನ್‌ನದು, ನೋಡಲು ಜೋರು ಕಾಣುತ್ತದೆ. ಆದರೆ ಅದರಲ್ಲಿ ಒಣ ಎಲೆ, ಮಣ್ಣು, ಕೊಳಕುಮಂಡಲ ಎಲ್ಲಾ ಒಂದೇ ಬಣ್ಣಕ್ಕೆ ತಿರುಗುತ್ತವೆ. 4000ರಿಂದ 5000 ಕೆಲ್ವಿನ್ ಒಳಗಿನದು ತಗೋ, ಸಿಆರ್‌ಐ, ಅಂದರೆ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕಿ, 90 ಇದ್ದರೆ ಇನ್ನೂ ಒಳ್ಳೆಯದು, ಕಂದು ಬಣ್ಣಗಳ ನಡುವಿನ ಫರಕು ಗೊತ್ತಾಗುತ್ತದೆ.

ಹಿಡಿಯುವ ರೀತಿಯನ್ನೂ ಅಪ್ಪನಿಗೆ ಹೇಳು. ಟಾರ್ಚನ್ನು ಸೊಂಟಕ್ಕಿಂತ ಕೆಳಗೆ ಹಿಡಿಯಬೇಕು. ಆಗ ಕಲ್ಲು, ತಗ್ಗು, ಹಾವು ಎಲ್ಲದಕ್ಕೂ ನೆರಳು ಬೀಳುತ್ತದೆ, ದೂರದಿಂದಲೇ ಎದ್ದು ಕಾಣುತ್ತವೆ. ತಲೆಗೆ ಕಟ್ಟುವ ಲೈಟ್ ಕೆಲಸ ಮಾಡುವಾಗ ಚೆಂದ, ಎರಡೂ ಕೈ ಖಾಲಿ ಇರುತ್ತವೆ. ನಡೆಯುವಾಗ ಬೆಳಕು ಕಣ್ಣಿನ ಮಟ್ಟದಿಂದಲೇ ಹೋಗುವುದರಿಂದ ನೆರಳು ಕಾಣಲ್ಲ, ನೆಲ ಚಪ್ಪಟೆ ಅನಿಸುತ್ತದೆ. ಟಾರ್ಚ್ ಎಷ್ಟೇ ಒಳ್ಳೆಯದಿರಲಿ, ಗಮ್‌ಬೂಟು ಮತ್ತು ಕೋಲು ಬಿಡಬಾರದು.

ಧಾರವಾಡ_ಅಕ್ಕ:

ಹಾವೇರಿ ಅಣ್ಣನ ಮಾತಿಗೆ ಒಂದು ಸೇರಿಸುತ್ತೇನೆ. ಕೆಳಗಿನ ಬೆಳಕಿನ ಮೋಡ್ ಎಷ್ಟು ಸಣ್ಣದಿದೆ ಅಂತ ನೋಡಿ, ಜನ ಇದನ್ನು ಕೇಳುವುದೇ ಇಲ್ಲ. ಕರೆಂಟ್ ಹೋದಾಗ ಅಡುಗೆಮನೆಯಲ್ಲಿ, ರಾತ್ರಿ ಮಗುವಿನ ಹಾಸಿಗೆ ಹತ್ತಿರ, ಗೇಟಿನ ಕೀಲಿ ಹುಡುಕುವಾಗ ನಮಗೆ ಬೇಕಾಗುವುದು 5 ಲುಮೆನ್ ಅಷ್ಟೇ. ಹಚ್ಚಿದ ಕೂಡಲೇ 500 ಲುಮೆನ್ ಕಣ್ಣಿಗೆ ಹೊಡೆಯುವ ಟಾರ್ಚ್ ದಿನದ ಬಳಕೆಗೆ ಆಗಿ ಬರಲ್ಲ. ಇಡೀ ಕೋಣೆಗೆ ಬೆಳಕು ಬೇಕಾದರೆ ಟಾರ್ಚನ್ನು ನೆಟ್ಟಗೆ ನಿಲ್ಲಿಸಿ ಬಿಳಿ ಚಾವಣಿಗೆ ಬಿಡಿ, ಹಿತವಾಗಿ ಹರಡುತ್ತದೆ. ಅದಕ್ಕೆ ಹಿಂಭಾಗ ಚಪ್ಪಟೆ ಇರಬೇಕು. ಇನ್ನು ಕೆಲವು ಟಾರ್ಚ್‌ಗಳಲ್ಲಿ ಒಂದೊಂದು ಸಲ ಒತ್ತಿದಾಗಲೂ ಪಟಪಟ ಮಿಂಚುವ ಮೋಡ್ ದಾಟಿಕೊಂಡೇ ಹೋಗಬೇಕು. ವಯಸ್ಸಾದವರಿಗೆ ಅದು ಬಹಳ ಕಿರಿಕಿರಿ, ಅಂಥದ್ದು ಅಪ್ಪನಿಗೆ ಬೇಡವೇ ಬೇಡ.

ನಮ್ಮ ಧಾರವಾಡದ ಮಳೆಗೆ ಐಪಿಎಕ್ಸ್4 ಇದ್ದರೆ ಸಾಕು, ಅದು ಸಿಡಿಯುವ ನೀರು ತಡೆಯುತ್ತದೆ. ಹೊಲದಲ್ಲಿ ಕಾಲುವೆಗೆ ಬೀಳುವ ಭಯ ಇದ್ದರೆ ಐಪಿಎಕ್ಸ್7 ನೋಡಿ, ಒಂದು ಮೀಟರ್ ನೀರಲ್ಲಿ ಅರ್ಧ ತಾಸು ತಡೆಯುತ್ತದೆ.

ಗದಗ_ಮಲ್ಟಿಮೀಟರ್:

ಅಕ್ಕಾರ ಮಾತು ನೂರಕ್ಕೆ ನೂರು ಸರಿ. ಹಾವೇರಿ ಅಣ್ಣನ ಜೊತೆ ಒಂದು ಕಡೆ ನನ್ನ ಭಿನ್ನ ಮತ ಇದೆ. ಹುಬ್ಬಳ್ಳಿಯಲ್ಲಿ ಇರುವ ಹುಡುಗನಿಗೆ 18650 ಒಳ್ಳೆಯದೇ, ಅದರಲ್ಲಿ ಎಎ ಸೆಲ್‌ಗಿಂತ ನಾಲ್ಕು ಪಟ್ಟು ಶಕ್ತಿ ಇರುತ್ತದೆ, ಸೆಲ್ ತರಿಸಿಕೊಳ್ಳುವುದೂ ಕಷ್ಟ ಅಲ್ಲ. ಹಳ್ಳಿಯ ಮನೆಗೆ ಎಎ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಎರಡೂ ಕಡೆ ಬೇಡವಾದದ್ದು ಒಂದೇ, ಸೆಲ್ ಬಿಚ್ಚಲು ಬರದಂತೆ ಮುಚ್ಚಿದ ಟಾರ್ಚ್. ಸಂತೆಯಲ್ಲಿ ಸಿಗುವ, ಹಿಂದಿನಿಂದ ಎರಡು ಪಿನ್ ಹೊರಗೆ ಬಂದು ನೇರ ಗೋಡೆಯ ಸಾಕೆಟ್‌ಗೆ ಹಾಕುವ ಪ್ಲಾಸ್ಟಿಕ್ ಟಾರ್ಚ್ ಇದೆಯಲ್ಲ, ಅದರಲ್ಲಿ ಬಹಳಷ್ಟಕ್ಕೆ 4 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಚಾರ್ಜ್ ಇಳಿದಾಗ ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜ್ ಹಿಡಿಯಲ್ಲ. ಹಲವದರಲ್ಲಿ ಟ್ರಾನ್ಸ್‌ಫಾರ್ಮರ್ ಇರಲ್ಲ, ಹಾಗಾಗಿ ಸಾಕೆಟ್‌ನಲ್ಲಿ ಇರುವಾಗ ಒಳಗಿನ ಯಾವ ಲೋಹ ಮುಟ್ಟಿದರೂ 230 ವೋಲ್ಟ್ ಹೊಡೆಯುವ ಅಪಾಯ ಇದೆ. ಅದನ್ನು ಚಾರ್ಜ್‌ಗೆ ಇಟ್ಟು ಬಿಚ್ಚಲು ಹೋಗಬೇಡಿ.

ಬ್ಯಾಡಗಿ_ಹುಡುಗ:

ರಿಂಗ್ ಬಿಗಿ ಮಾಡಿದೆ, ಒರೆಸಿದೆ, ಮಿಣುಕುವುದು ಪೂರ್ತಿ ನಿಂತಿತು. ಬಿಐಎಸ್ ಗುರುತಿನ 3000 ಎಂಎಎಚ್ ಸೆಲ್ ಹಾಕಿದ್ದೇನೆ, ಮಧ್ಯದ ಮೋಡ್‌ನಲ್ಲಿ ಬೆಳಕು ಸ್ಥಿರವಾಗಿದೆ. ಫುಲ್ ಮೋಡ್ ಈಗಲೂ ಬಿಸಿಯಾಗಿ ಇಳಿಯುತ್ತದೆ, ಅದು ಸಹಜ ಅಂತ ಈಗ ಗೊತ್ತಾಯ್ತು. ಅಪ್ಪನಿಗೆ ಎರಡು ಎಎ ಸೆಲ್‌ನದು ಆರ್ಡರ್ ಮಾಡಿದೆ, 4000 ಕೆಲ್ವಿನ್, ಮಿಂಚುವ ಮೋಡ್ ಇಲ್ಲದ್ದು. ಕೊನೆಯ ಪ್ರಶ್ನೆ: ಅರ್ಜೆಂಟಿಗೆ ಅಂಗಡಿಯ ಮಾಮೂಲಿ ಪೆನ್ಸಿಲ್ ಸೆಲ್ ಹಾಕಿದರೆ ಏನೂ ಆಗಲ್ಲ ಅಲ್ವಾ? ಅದನ್ನು ಒಳಗೇ ಬಿಡಬಹುದಾ?

ಹಾವೇರಿ_ಹೊಲ:

ಹಾಕಬಹುದು, ಒಳಗೆ ಬಿಡಬಾರದು. ಮಾಮೂಲಿ ಸೆಲ್ ಖಾಲಿಯಾಗಿ ಕೂತರೆ ಸೋರುತ್ತದೆ, ಸ್ಪ್ರಿಂಗ್ ತಿಂದುಹಾಕುತ್ತದೆ. ಆಲ್ಕಲೈನ್ ಸೆಲ್ ಸೋರಿ ಬಿಳಿ ಪುಡಿ ಕಂಡರೆ ಹತ್ತಿಗೆ ಚೂರು ವಿನೆಗರ್ ಅಥವಾ ಲಿಂಬೆ ರಸ ಹಚ್ಚಿ ಒರೆಸಿ, ಆಮೇಲೆ ಪೂರ್ತಿ ಒಣಗಿಸು, ಬರಿಗೈಯಲ್ಲಿ ಮುಟ್ಟಬೇಡ. ಹಳೇದು ಒಂದು ಹೊಸದು ಒಂದು ಜೋಡಿ ಮಾಡಿ ಹಾಕಬಾರದು ಅಂತ ಅಪ್ಪನಿಗೆ ಹೇಳು. ಎಎ ಗಾತ್ರದ್ದೇ 14500 ಅನ್ನುವ ಲಿಥಿಯಂ ಸೆಲ್ ಬರುತ್ತದೆ, 3.7 ವೋಲ್ಟ್, ಟಾರ್ಚ್ ಕಂಪನಿ ಹಾಕಬಹುದು ಅಂತ ಹೇಳದಿದ್ದರೆ ಅದನ್ನು ಹಾಕಿದಾಗ ಸರ್ಕ್ಯೂಟ್ ಸುಟ್ಟು ಹೋಗಬಹುದು.

ಮತ್ತೆ ಟಾರ್ಚನ್ನು ಮೋಟರ್ ಮನೆಯಲ್ಲಿ ಇಡಲು ಬಿಡಬೇಡ. ಬೇಸಿಗೆಯಲ್ಲಿ ತಗಡಿನ ಕೆಳಗಿನ ಕಾವಿಗೆ ಸೆಲ್ ಬೇಗ ಕೆಡುತ್ತದೆ. ಗಟ್ಟಿ ದಾರ ಕಟ್ಟಿ ಮನೆಯ ಬಾಗಿಲ ಹತ್ತಿರ ಮೊಳೆಗೆ ತೂಗು ಹಾಕಲಿ, ಹೊಲಕ್ಕೆ ಹೊರಟಾಗ ದಾರ ಮಣಿಕಟ್ಟಿಗೆ ಹಾಕಿಕೊಳ್ಳಲಿ.