ಶುಗರ್ ಇರುವವರ ಕಾಲಿಗೆ ಹುಣ್ಣು: ಎಷ್ಟು ಜನರಿಗೆ ಆಗುತ್ತದೆ, ತಡೆಯುವುದು ಹೇಗೆ?

ಪ್ರಶ್ನೆ (ಡೊಂಬಿವಲಿ): ಅಪ್ಪನಿಗೆ 64. ಶುಗರ್ ಬಂದು 15 ವರ್ಷ. ಹೋಟೆಲಿನಲ್ಲಿ ದಿನವಿಡೀ ನಿಂತೇ ಕೆಲಸ. ಅಂಗಾಲು ಜೋಮು ಹಿಡಿದ ಹಾಗಿದೆ ಅಂತಾರೆ, ಗಾಯ ಏನೂ ಇಲ್ಲ. ಹುಣ್ಣಾಗುವ ಸಾಧ್ಯತೆ ನಿಜಕ್ಕೂ ಎಷ್ಟು? ಈಗಲೇ ಏನು ಮಾಡಬೇಕು? ತಿಳಿದವರು ದಯವಿಟ್ಟು ಹೇಳಿ.

ಪುಣೆಯಿಂದ, ಡಯಾಬಿಟಿಸ್ ವಿಭಾಗದ ನರ್ಸ್: ಒಂದೇ ವರ್ಷದ ಲೆಕ್ಕ ಹಿಡಿದರೆ ಶುಗರ್ ಇರುವ 100 ಜನರಲ್ಲಿ ಸುಮಾರು 2 ಮಂದಿಗೆ. ಇಷ್ಟೇನಾ ಅಂತ ಸಮಾಧಾನ ಪಡಬೇಡಿ. ಶುಗರ್ ಜೀವನಪೂರ್ತಿ ಜೊತೆಗಿರುತ್ತದೆ, ವರ್ಷ ವರ್ಷ ಸೇರುತ್ತಾ ಹೋದರೆ 100ರಲ್ಲಿ 19ರಿಂದ 34 ಮಂದಿಗೆ ಒಮ್ಮೆಯಾದರೂ ಆಗುತ್ತದೆ. ಹಳೆಯ ಪುಸ್ತಕಗಳಲ್ಲಿ 15ರಿಂದ 25 ಅಂತ ಇರುತ್ತದೆ. 2017ರಿಂದ ಈ ಹೆಚ್ಚಿನ ಅಂದಾಜನ್ನೇ ಬಳಸುತ್ತಾರೆ.

ಆದರೆ ಅಪಾಯ ಎಲ್ಲರಿಗೂ ಒಂದೇ ಅಲ್ಲ. ಸ್ಪರ್ಶ ಹೋದವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು, ಬೆರಳು ಸೊಟ್ಟಗಾದವರು, ಕಿಡ್ನಿ ಕೆಟ್ಟವರು ಮುಂದಿನ ಸಾಲಿನಲ್ಲಿದ್ದಾರೆ. ಅಪ್ಪನ ಜೋಮನ್ನು ಅಳೆಸಿ. 10 ಗ್ರಾಂ ಒತ್ತಡಕ್ಕೆ ಬಾಗುವ ಮೋನೊಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಹೆಬ್ಬೆರಳ ತುದಿ, ಅದರ ಬುಡ, ಕಿರುಬೆರಳ ಬುಡಕ್ಕೆ ಬಾಗುವಷ್ಟು ಒತ್ತುತ್ತಾರೆ. ಅಪ್ಪ ಕಾಲು ನೋಡದೆ, ಮುಟ್ಟಿದ್ದು ಎಲ್ಲಿ ಅಂತ ಹೇಳಬೇಕು. ಆಣಿಯ (ಒತ್ತಿ ಒತ್ತಿ ಗಟ್ಟಿಯಾದ ಚರ್ಮದ) ಮೇಲೆ ಒತ್ತಿದರೆ ಲೆಕ್ಕ ತಪ್ಪುತ್ತದೆ. ಜೊತೆಗೆ ಪಾದದ ಮೇಲಿನ ಮತ್ತು ಕಣಕಾಲಿನ ಒಳಬದಿಯ ಗಂಟಿನ ಹಿಂದಿನ ನಾಡಿ ನೋಡಿಸಿ. ಸ್ಪರ್ಶ ಮಾತ್ರ ಹೋಗಿದ್ದರೆ 6ರಿಂದ 12 ತಿಂಗಳಿಗೊಮ್ಮೆ ತಪಾಸಣೆ. ರಕ್ತ ಹರಿಯುವುದೂ ಕಡಿಮೆಯಿದ್ದರೆ, ಇಲ್ಲವೇ ಬೆರಳು ಸೊಟ್ಟಗಾಗಿದ್ದರೆ 3ರಿಂದ 6 ತಿಂಗಳಿಗೊಮ್ಮೆ.

ಮಾಟುಂಗಾದಿಂದ, ವೈದ್ಯಕೀಯ ಪಾದರಕ್ಷೆ ಮಾಡುವವರು: ಹೋಟೆಲ್ ಕೆಲಸ ಅಂದಿರಲ್ಲ, ಒದ್ದೆ ನೆಲಕ್ಕೆ ಹವಾಯಿ ಚಪ್ಪಲಿ ಹಾಕಿಕೊಳ್ಳುವುದನ್ನು ಮೊದಲು ಬಿಡಿಸಿ. ಸ್ಪರ್ಶ ಇಲ್ಲದ ಕಾಲಿಗೆ ಚಪ್ಪಲಿ ಜಾರಿಹೋದದ್ದೂ ತಿಳಿಯುವುದಿಲ್ಲ, ಪಟ್ಟಿ ಬೆರಳ ಸಂದಿಯನ್ನು ಉಜ್ಜಿದ್ದೂ ತಿಳಿಯುವುದಿಲ್ಲ. ಬೇಕಾದ್ದು ಎಂಸಿಆರ್ (ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರ್) ಮೆತ್ತೆಯ ಚಪ್ಪಲಿ: ಹಿಂದೆ ಪಟ್ಟಿ, ಅಗಲವಾದ ಮುಂಭಾಗ, ಕೆಳಗೆ ಮುಳ್ಳು ತೂರದ ಗಟ್ಟಿ ಅಟ್ಟೆ, ಎಲ್ಲೂ ಮೊಳೆ ಇರಬಾರದು. (ನಮ್ಮ ದೇಶದಲ್ಲಿ ಕುಷ್ಠದಿಂದ ಸ್ಪರ್ಶ ಕಳೆದುಕೊಂಡವರಿಗೂ ಇದೇ ಚಪ್ಪಲಿ, ಎರಡರಲ್ಲೂ ಕಾಲಿಗೆ ಆಗುವ ತೊಂದರೆ ಒಂದೇ ಬಗೆಯದು.) ಅಳತೆ ಸಂಜೆ ಕೊಡಿ, ನಿಂತುಕೊಂಡು ಕೊಡಿ, ಎರಡೂ ಕಾಲಿಗೆ ಕೊಡಿ. ಶೂ ಆದರೆ ಒಳಗೆ ಪಾದಕ್ಕಿಂತ 1ರಿಂದ 2 ಸೆಂ.ಮೀ. ಉದ್ದ ಇರಲಿ. ಹೊಸದನ್ನು ಮೊದಲ ದಿನ ಒಂದು ಗಂಟೆ ಮಾತ್ರ ಹಾಕಿ, ಬಿಚ್ಚಿ ನೋಡಿ. ಕೆಂಪು ಕಲೆ 20 ನಿಮಿಷವಾದರೂ ಮಾಯವಾಗದಿದ್ದರೆ ವಾಪಸ್ ತನ್ನಿ, ಆ ಜಾಗ ಸರಿಮಾಡಬೇಕು. ಮೆತ್ತೆ ಬೆರಳಿಗೆ ಒತ್ತಿದರೆ ತಗ್ಗಿದ್ದು ಮೇಲೆದ್ದು ಬರಬೇಕು. ಚಪ್ಪಟೆಯಾಗೇ ಉಳಿದರೆ ಬದಲಿಸುವ ಹೊತ್ತು.

ವಾಸ್ಕೊದಿಂದ, ಫಿಸಿಯೋಥೆರಪಿಸ್ಟ್: ನೋಡ್ರಿ, ದಿನಾ ರಾತ್ರಿ ಎರಡು ನಿಮಿಷ ಸಾಕು. ಬೆಳಕಿನ್ಯಾಗ ಅಂಗಾಲು, ಹಿಮ್ಮಡಿ, ಬೆರಳ ಸಂದಿ ನೋಡಬೇಕು. ಬಗ್ಗಾಕ ಆಗದಿದ್ರ ನೆಲದ ಮ್ಯಾಲ ಕನ್ನಡಿ ಇಡ್ರಿ, ಇಲ್ಲಾ ಮನಿಯವರು ನೋಡ್ರಿ. ಆಣಿಯೊಳಗ ಕಪ್ಪು ಕಲೆ ಕಂಡ್ರ ಕೆಳಗ ರಕ್ತ ಹೆಪ್ಪುಗಟ್ಟೈತಿ ಅಂತ ಅರ್ಥ, ಅಲ್ಲೇ ಹುಣ್ಣು ಆಗೂದು. ಬ್ಲೇಡಿನಿಂದ ಕೆತ್ತಬ್ಯಾಡ್ರಿ. ಕಾರ್ನ್ ಪಟ್ಟಿ ಅಂಟಿಸಬ್ಯಾಡ್ರಿ, ಅದರಾಗಿನ ಆಸಿಡ್ ಚೊಲೊ ಚರ್ಮಾನೂ ಸುಡ್ತದ. ಬಿಸಿನೀರಾಗ ಕಾಲು ಇಟ್ಟು ಕೂಡೂದೂ ಬ್ಯಾಡ. ಎಣ್ಣೆ, ಕ್ರೀಮು ಹಿಮ್ಮಡಿಗೆ ಇರ್ಲಿ, ಬೆರಳ ಸಂದಿಗೆ ಬ್ಯಾಡ. ಮಳೆಗಾಲದಾಗ ಸಂದಿ ಒರೆಸಿ ಒಣಗಿಸೂದೇ ದೊಡ್ಡ ಕೆಲಸ. ಆಳಂದಿಯಿಂದ ಪಂಢರಪುರಕ್ಕ ನಡಕೊಂತ ವಾರಿ ಹೋಗವ್ರು, ಮಧ್ಯಾಹ್ನ ಗುಡಿಯ ಕಲ್ಲಿನ ಮ್ಯಾಲ ಬರಿಗಾಲಿನಾಗ ಪ್ರದಕ್ಷಿಣೆ ಹಾಕವ್ರು ಮೊದಲ ಕಾಲು ತೋರಿಸಿಕೊಂಡು ಹೋಗ್ರಿ. ಸುಟ್ಟದ್ದು ಗೊತ್ತಾಗೂದು ಗುಳ್ಳೆ ಎದ್ದ ಮ್ಯಾಲೇ.

ಪ್ರಶ್ನೆ (ಮುಲುಂಡ್): ಅತ್ತೆಯ ಹೆಬ್ಬೆರಳ ಬುಡದ ಹುಣ್ಣು ಪೂರ್ತಿ ಒಣಗಿದೆ. ಇನ್ನು ಮಾಮೂಲಿ ಚಪ್ಪಲಿ ಹಾಕಬಹುದಾ?

ಪುಣೆಯಿಂದ, ಅದೇ ನರ್ಸ್: ಬೇಡವೇ ಬೇಡ. ವಾಸಿಯಾದ 100 ಜನರಲ್ಲಿ ಸುಮಾರು 40 ಮಂದಿಗೆ ಒಂದೇ ವರ್ಷದಲ್ಲಿ ಮತ್ತೆ ಆಗುತ್ತದೆ, 5 ವರ್ಷದೊಳಗೆ ಸುಮಾರು 65 ಮಂದಿಗೆ. ಚರ್ಮ ಮುಚ್ಚಿದೆ ಅಷ್ಟೇ. ಅಲ್ಲಿ ಬೀಳುವ ಭಾರವೂ ಹಾಗೇ ಇದೆ, ಜೋಮೂ ಹಾಗೇ ಇದೆ. ಅತ್ತೆಯವರಿಗೆ 1ರಿಂದ 3 ತಿಂಗಳಿಗೊಮ್ಮೆ ತಪಾಸಣೆ ಬೇಕು. ಮನೆಯೊಳಗೂ ಚಪ್ಪಲಿ ಬೇಕು. ಅಡುಗೆಮನೆ, ಬಚ್ಚಲಿಗೆ ಅಂತ ಬೇರೆ ಜೊತೆ ಮಾಡಿಸಿಡಿ. ಚರ್ಮದ ಥರ್ಮಾಮೀಟರ್ ಇದ್ದರೆ ಎರಡೂ ಪಾದದ ಒಂದೇ ಜಾಗ ದಿನಾ ಅಳೆಯಿರಿ. 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಎರಡು ದಿನ ಸತತವಾಗಿ ಬಂದರೆ ನಡೆದಾಟ ಕಡಿಮೆ ಮಾಡಿ ಡಾಕ್ಟರಿಗೆ ತೋರಿಸಿ.

ಡೊಂಬಿವಲಿಯವರಿಗೂ ಇದು: ಗಾಯ ಸಣ್ಣದಾದರೂ ನಾಳೆಗೆ ಇಡಬೇಡಿ, ನೋವಿಲ್ಲ ಅಂತ ಕಾಯಲೇಬೇಡಿ. ಕೀವು, ಕೆಟ್ಟ ವಾಸನೆ, ಹರಡುವ ಕೆಂಪು, ಕಪ್ಪಾದ ಬೆರಳು, ಜ್ವರ ಇದ್ದರೆ ಆಗಿಂದಾಗಲೇ ಆಸ್ಪತ್ರೆಗೆ. ಗಾಯವೇ ಇಲ್ಲದೆ ಒಂದು ಪಾದ ಬಿಸಿಯಾಗಿ, ಕೆಂಪಾಗಿ ಊದಿಕೊಂಡರೆ ಶಾರ್ಕೊ ಎಂಬ ಪಾದದ ಕಾಯಿಲೆ ಇರಬಹುದು, ಮೂಳೆ ಒಳಗೊಳಗೇ ಮುರಿಯುತ್ತಿರುತ್ತದೆ. ಮೊದಮೊದಲು ಎಕ್ಸ್‌ರೇ ಸರಿಯಾಗೇ ಕಾಣಬಹುದು, ಆದರೂ ಡಾಕ್ಟರು ನೋಡುವ ತನಕ ಆ ಕಾಲಿನ ಮೇಲೆ ಭಾರ ಹಾಕಿಸಬೇಡಿ.